ಪರೀಕ್ಷಾ ಕೊಠಡಿಯಿಂದ ಪೇಟೆಗೆ: ಸಾಮಾಜಿಕ ಜಾಲತಾಣಗಳಲ್ಲಿ ಸರಕಿನ ಪ್ರಚಾರ

ವ್ಯಾಪಾರಕ್ಕೂ ಪ್ರಚಾರಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಸಂತೆಯಲ್ಲಿ ಕೂಗಿ ಮಾರುವ ಕಾಲದಿಂದ ಹಿಡಿದು ಗೋಡೆಬರಹ, ಪತ್ರಿಕಾ ಜಾಹೀರಾತು, ಆಕಾಶವಾಣಿ, ದೂರದರ್ಶನಗಳವರೆಗೆ ಪ್ರಚಾರದ ಸಾಧನಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೊದಲಾದವು ಈ ಸಾಲಿಗೆ ಸೇರಿದ ಮೇಲೆ ಒಂದು ಮುಖ್ಯ ವ್ಯತ್ಯಾಸ ಉಂಟಾಯಿತು. ಹಿಂದೆ ದೊಡ್ಡ ಬಂಡವಾಳವಿಲ್ಲದವರಿಗೆ ದೊಡ್ಡ ಪ್ರಚಾರ ನಿಲುಕದ ಮಾತಾಗಿತ್ತು. ಈಗ ಒಂದು ಮೊಬೈಲ್ ಫೋನ್ ಉಳ್ಳ ಸಣ್ಣ ಉದ್ದಿಮೆದಾರರಿಗೂ ಅದೇ ಬಾಗಿಲು ತೆರೆದಿದೆ.

ಆದರೆ ಎಲ್ಲರಿಗೂ ತೆರೆದ ಬಾಗಿಲಿನಲ್ಲಿ ನೂಕುನುಗ್ಗಲೂ ಹೆಚ್ಚು. ಅನೇಕ ವರ್ತಕರು ಹಬ್ಬದ ಶುಭಾಶಯ, ರಿಯಾಯಿತಿಯ ಪ್ರಕಟಣೆ, ಅಂಗಡಿಯ ಚಿತ್ರ ಇವನ್ನು ಕೆಲವು ತಿಂಗಳು ಹಾಕಿ, ಪ್ರಯೋಜನ ಕಾಣದೆ ಕೈಬಿಡುತ್ತಾರೆ. ಮತ್ತೆ ಕೆಲವರು ಪ್ರಚಾರ ಸಂಸ್ಥೆಗಳಿಗೆ ಹಣ ತೆತ್ತು, ಲಕ್ಷಗಟ್ಟಲೆ ವೀಕ್ಷಣೆಯ ಲೆಕ್ಕ ಪಡೆದು, ಗಲ್ಲಾಪೆಟ್ಟಿಗೆಯಲ್ಲಿ ಅದರ ಗುರುತು ಕಾಣದೆ ಬೆರಗಾಗುತ್ತಾರೆ. ಅಂಥ ವೀಕ್ಷಣೆ ಕನ್ನಡಿಯೊಳಗಿನ ಗಂಟು. ಕಣ್ಣಿಗೆ ಕಾಣುತ್ತದೆ, ಕೈಗೆ ದಕ್ಕುವುದಿಲ್ಲ.

ಯಾವ ಪ್ರಚಾರ ಮಾರಾಟವನ್ನು ತರುತ್ತದೆ, ಯಾವುದು ಬರಿಯ ಗದ್ದಲವಾಗಿ ಉಳಿಯುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಎರಡು ಪ್ರಕರಣಗಳು ಮತ್ತು ಭಾರತದ ಒಂದು ಪ್ರಕರಣ ಒಳ್ಳೆಯ ಪಾಠಗಳಾಗಿವೆ. ಒಂದರಲ್ಲಿ ಖರ್ಚಾದುದು ಕೇವಲ 50 ಡಾಲರ್. ಇನ್ನೊಂದರಲ್ಲಿ ಖರ್ಚಾದುದು ಕೋಟಿಗಳ ಲೆಕ್ಕದಲ್ಲಿ. ಫಲ ಮಾತ್ರ ಖರ್ಚಿಗೆ ತಕ್ಕಂತೆ ಬರಲಿಲ್ಲ.

ಬ್ಲೆಂಡ್‌ಟೆಕ್: ಐವತ್ತು ಡಾಲರಿನ ಪ್ರಯೋಗ

ಅಮೆರಿಕದ ಯೂಟಾ ರಾಜ್ಯದ ಓರೆಮ್ ಎಂಬ ಊರಿನಲ್ಲಿ ಬ್ಲೆಂಡ್‌ಟೆಕ್ ಎಂಬ ಕಂಪನಿ ಇದೆ. ಹಣ್ಣು, ಮಂಜುಗಡ್ಡೆ ಮುಂತಾದವನ್ನು ಅರೆಯುವ ಬ್ಲೆಂಡರ್ ಎಂಬ ಯಂತ್ರದ ತಯಾರಿಕೆ ಅದರ ಕಸುಬು. ಇದು ಭಾರತದ ಮನೆಗಳಲ್ಲಿರುವ ಮಿಕ್ಸಿಯ ಬಳಗಕ್ಕೆ ಸೇರಿದ ಯಂತ್ರ. ಇದರ ಸಂಸ್ಥಾಪಕರು ಟಾಮ್ ಡಿಕ್ಸನ್. ಪಾನೀಯದ ಅಂಗಡಿಗಳವರಿಗೆ ಈ ಕಂಪನಿಯ ಯಂತ್ರದ ಗಟ್ಟಿತನ ಗೊತ್ತಿತ್ತು. ಆದರೆ ಸುಮಾರು 400 ಡಾಲರ್ ಬೆಲೆಯ ಮನೆಬಳಕೆಯ ಮಾದರಿಯನ್ನು ಸಾಮಾನ್ಯ ಗೃಹಸ್ಥರು ಅರಿತಿರಲಿಲ್ಲ. ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಯ ಯಂತ್ರಗಳು ಪೇಟೆಯಲ್ಲಿ ದೊರೆಯುತ್ತಿರುವಾಗ ಇಷ್ಟು ಹಣವನ್ನು ಏಕೆ ಕೊಡಬೇಕು ಎಂಬ ಪ್ರಶ್ನೆಗೆ ಅವರ ಮುಂದೆ ಉತ್ತರವಿರಲಿಲ್ಲ.

2006ರಲ್ಲಿ ಕಂಪನಿಯ ಮಾರುಕಟ್ಟೆ ವಿಭಾಗದ ಮುಖ್ಯಸ್ಥರಾಗಿ ಬಂದ ಜಾರ್ಜ್ ರೈಟ್ ಅವರಿಗೆ ಕಾರ್ಖಾನೆಯ ಪರೀಕ್ಷಾ ಕೊಠಡಿಯ ನೆಲದ ಮೇಲೆ ಮರದ ಹೊಟ್ಟು ಬಿದ್ದಿರುವುದು ಕಂಡಿತು. ವಿಚಾರಿಸಿದಾಗ, ಯಂತ್ರ ಎಷ್ಟು ತಾಳುತ್ತದೆ ಎಂದು ತಿಳಿಯಲು ಡಿಕ್ಸನ್ ಅದರೊಳಗೆ ಮರದ ತುಂಡುಗಳನ್ನು ಹಾಕಿ ಅರೆಯುತ್ತಾರೆಂದು ತಿಳಿಯಿತು. ಅಲ್ಲಿ ಕೆಲಸ ಮಾಡುವವರಿಗೆ ಅದು ನಿತ್ಯದ ನೋಟ. ಅದರಲ್ಲಿ ಯಾರೂ ವಿಶೇಷವನ್ನು ಕಂಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಾರ್ಖಾನೆಗಳಿಗೂ ಸಲ್ಲುತ್ತದೆ. ಹೊರಗಿನಿಂದ ಬಂದವರ ಕಣ್ಣಿಗೆ ಮಾತ್ರ ಅದು ಪ್ರಚಾರದ ಸರಕಾಗಿ ಕಂಡಿತು.

ಅವರು ಸುಮಾರು 50 ಡಾಲರ್ ವೆಚ್ಚ ಮಾಡಿ ಒಂದು ಬಿಳಿ ಕೋಟು, ಗೋಲಿಗಳು, ತೋಟದ ಕುಂಟೆ ಮೊದಲಾದ ವಸ್ತುಗಳನ್ನು ತಂದರು. ಡಿಕ್ಸನ್ ಅವರೇ ಆ ಕೋಟು ತೊಟ್ಟು, ವಸ್ತುಗಳನ್ನು ಒಂದೊಂದಾಗಿ ಯಂತ್ರಕ್ಕೆ ಹಾಕಿ ಪುಡಿ ಮಾಡಿದರು. 'ಇದು ಅರೆಯಬಲ್ಲದೆ?' ಎಂಬುದೇ ಮಾಲಿಕೆಯ ಹೆಸರು. 2006ರ ಅಕ್ಟೋಬರ್ ಕೊನೆಯಲ್ಲಿ ಮೊದಲ ಚಿತ್ರಿಕೆಗಳನ್ನು ಯೂಟ್ಯೂಬ್‌ಗೆ ಹಾಕಲಾಯಿತು. ಯೂಟ್ಯೂಬ್ ಆರಂಭವಾಗಿ ಆಗ ಎರಡು ವರ್ಷವೂ ತುಂಬಿರಲಿಲ್ಲ. ಅದೇ ತಿಂಗಳು ಗೂಗಲ್ ಅದನ್ನು 165 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತ್ತು. ಒಂದು ವಾರದೊಳಗೆ ಬ್ಲೆಂಡ್‌ಟೆಕ್ ಚಿತ್ರಿಕೆಗಳನ್ನು ಸುಮಾರು 60 ಲಕ್ಷ ಬಾರಿ ನೋಡಲಾಗಿತ್ತು. 2007ರ ಜುಲೈಯಲ್ಲಿ, ಆಗತಾನೆ ಮಾರುಕಟ್ಟೆಗೆ ಬಂದಿದ್ದ ಐಫೋನನ್ನು ಪುಡಿ ಮಾಡಿದ ಚಿತ್ರಿಕೆ ಇನ್ನಷ್ಟು ಹೆಸರು ತಂದಿತು. 2010ರಲ್ಲಿ ಐಪ್ಯಾಡ್‌ಗೂ ಅದೇ ಗತಿಯಾಯಿತು. ಮನೆಬಳಕೆಯ ಮಾದರಿಯ ಮಾರಾಟ ಹಲವು ಪಟ್ಟು ಹೆಚ್ಚಿತೆಂದು ಕಂಪನಿ ಪ್ರಕಟಿಸಿತು.

ಇದರ ಯಶಸ್ಸಿನ ಗುಟ್ಟು

ಈ ಪ್ರಕರಣವನ್ನು ಕೇಳಿದವರು ಸಾಮಾನ್ಯವಾಗಿ 'ವಿಚಿತ್ರವಾದುದನ್ನು ಮಾಡಿದರೆ ಜನ ನೋಡುತ್ತಾರೆ' ಎಂಬ ನಿರ್ಣಯಕ್ಕೆ ಬರುತ್ತಾರೆ. ಅದು ಅರ್ಧ ಸತ್ಯ. ವಿಚಿತ್ರ ವಸ್ತುಗಳನ್ನು ಒಡೆದು ತೋರಿಸುವ ಚಿತ್ರಿಕೆಗಳು ಅಂತರ್ಜಾಲದಲ್ಲಿ ಅಸಂಖ್ಯವಾಗಿವೆ. ಬ್ಲೆಂಡ್‌ಟೆಕ್ ಪ್ರಯೋಗದಲ್ಲಿ ಗಮನಿಸಬೇಕಾದ ಅಂಶಗಳು ಬೇರೆಯೇ ಆಗಿವೆ.

ಮೊದಲನೆಯದಾಗಿ, ಅಲ್ಲಿ ಮನರಂಜನೆಯೂ ಸರಕಿನ ಗುಣವೂ ಒಂದೇ ಆಗಿದ್ದವು. ಗೋಲಿ ಪುಡಿಯಾಗುವುದು ನೋಡುಗರಿಗೆ ಮೋಜು. ಅದೇ ಕ್ಷಣದಲ್ಲಿ ಅದು ಯಂತ್ರದ ಬಲಕ್ಕೆ ಸಾಕ್ಷಿ. ಯಂತ್ರವನ್ನು ಪಕ್ಕಕ್ಕಿಟ್ಟರೆ ಆ ಚಿತ್ರಿಕೆಯಲ್ಲಿ ನೋಡಲು ಏನೂ ಉಳಿಯುವುದಿಲ್ಲ. ನಕ್ಕು ಮರೆತವರ ಮನಸ್ಸಿನಲ್ಲಿಯೂ 'ಇದು ಗಟ್ಟಿ ಯಂತ್ರ' ಎಂಬ ಭಾವನೆ ನಿಲ್ಲುತ್ತದೆ. ಹೆಚ್ಚಿನ ಬೆಲೆ ಏಕೆ ಎಂಬ ಪ್ರಶ್ನೆಗೆ ಮಾತಿಲ್ಲದೆ ಉತ್ತರ ದೊರೆತಿತ್ತು.

ಎರಡನೆಯದಾಗಿ, ಆ ಗುಣ ನಿಜವಾಗಿತ್ತು. ಪ್ರಚಾರಕ್ಕಾಗಿ ಪರೀಕ್ಷೆಯನ್ನು ಹುಟ್ಟುಹಾಕಲಿಲ್ಲ. ನಡೆಯುತ್ತಿದ್ದ ಪರೀಕ್ಷೆಯನ್ನೇ ಜನರ ಮುಂದೆ ತಂದರು. ಯಂತ್ರದ ಜಾಡಿ ಒಡೆದಿದ್ದರೆ, ಅಥವಾ ಕೊಂಡು ಒಯ್ದವರ ಮನೆಯಲ್ಲಿ ಯಂತ್ರ ಕೆಟ್ಟು ನಿಂತಿದ್ದರೆ, ಅದೇ ಜಾಲತಾಣ ಅಷ್ಟೇ ವೇಗದಲ್ಲಿ ಅಪಕೀರ್ತಿಯನ್ನು ಹರಡುತ್ತಿತ್ತು. ಪ್ರಚಾರ ಗುಣವನ್ನು ಹುಟ್ಟಿಸುವುದಿಲ್ಲ. ಇರುವುದನ್ನು, ಅದು ಒಳ್ಳೆಯದಿರಲಿ ಕೆಟ್ಟದಿರಲಿ, ದೊಡ್ಡದು ಮಾಡಿ ತೋರಿಸುತ್ತದೆ.

ಮೂರನೆಯದಾಗಿ, ಮೋಜಿನಿಂದ ಉಪಯೋಗಕ್ಕೆ ದಾರಿ ಇತ್ತು. ಕಂಪನಿ ತನ್ನ ಜಾಲತಾಣದಲ್ಲಿ ಮನೆಯಲ್ಲಿ ಮಾಡಬಾರದ ಪ್ರಯೋಗಗಳನ್ನು ಒಂದು ಕಡೆಗೂ, ಮನೆಯಲ್ಲಿ ಮಾಡಬಹುದಾದವನ್ನು ಇನ್ನೊಂದು ಕಡೆಗೂ ಇಟ್ಟಿತ್ತು. ಗೋಲಿಯ ಪುಡಿ ಯಾರಿಗೂ ಬೇಕಿಲ್ಲ. ಆದರೆ ಗೋಲಿಯನ್ನು ಪುಡಿ ಮಾಡಬಲ್ಲ ಯಂತ್ರ ಹಣ್ಣು, ಬೀಜಗಳನ್ನು ಎಷ್ಟು ನುಣ್ಣಗೆ ಅರೆಯಬಹುದು ಎಂಬುದು ಗೃಹಿಣಿಗೆ ಬೇಕಾದ ಮಾಹಿತಿ. ನಾಲ್ಕನೆಯದಾಗಿ, ಅದೇ ವ್ಯಕ್ತಿ, ಅದೇ ಕೋಟು, ಅದೇ ಪ್ರಶ್ನೆ ವರ್ಷಗಟ್ಟಲೆ ಮುಂದುವರಿದವು. ಒಮ್ಮೆ ನೋಡಿದವರು ಮತ್ತೊಮ್ಮೆ ಗುರುತಿಸಿದರು.

ಪೆಪ್ಸಿ: ಮತಗಳು ಬಂದವು, ಮಾರಾಟ ಬರಲಿಲ್ಲ

ಇದಕ್ಕೆ ಎದುರಾಗಿ ಇಡಬೇಕಾದ ಪ್ರಕರಣ ಪೆಪ್ಸಿ ಕಂಪನಿಯದು. ಅಮೆರಿಕದ ಫುಟ್‌ಬಾಲ್ ಅಂತಿಮ ಪಂದ್ಯವಾದ ಸೂಪರ್ ಬೌಲ್ ಪ್ರಸಾರದಲ್ಲಿ ಜಾಹೀರಾತು ನೀಡುವುದು ಅಲ್ಲಿನ ದೊಡ್ಡ ಕಂಪನಿಗಳ ಪ್ರತಿಷ್ಠೆಯ ಸಂಗತಿ. 2010ರಲ್ಲಿ ಪೆಪ್ಸಿ 23 ವರ್ಷಗಳಲ್ಲಿ ಮೊದಲ ಬಾರಿಗೆ ಆ ಜಾಹೀರಾತನ್ನು ಬಿಟ್ಟುಕೊಟ್ಟು, 'ಪೆಪ್ಸಿ ರಿಫ್ರೆಶ್ ಪ್ರಾಜೆಕ್ಟ್' ಎಂಬ ಯೋಜನೆಯನ್ನು ಸಾಮಾಜಿಕ ಜಾಲತಾಣಗಳ ಮೂಲಕ ನಡೆಸಿತು. ಶಾಲೆ, ಉದ್ಯಾನ, ಆರೋಗ್ಯ ಮುಂತಾದ ಸಾರ್ವಜನಿಕ ಕೆಲಸಗಳಿಗೆ ಜನರೇ ಸಲಹೆ ಕೊಡಬೇಕು, ಜನರೇ ಮತ ಹಾಕಬೇಕು, ಗೆದ್ದವುಗಳಿಗೆ ಕಂಪನಿ ಧನಸಹಾಯ ನೀಡಬೇಕು ಎಂಬುದು ಯೋಜನೆ. ಇದಕ್ಕಾಗಿ ತೆಗೆದಿರಿಸಿದ ಮೊತ್ತ 2 ಕೋಟಿ ಡಾಲರ್.

ಭಾಗವಹಿಸುವಿಕೆಯ ದೃಷ್ಟಿಯಿಂದ ಇದು ದೊಡ್ಡ ಯಶಸ್ಸು. ಕೋಟಿಗಟ್ಟಲೆ ಮತಗಳು ಬಿದ್ದವು. ಅನೇಕ ಊರುಗಳಿಗೆ ಒಳ್ಳೆಯ ಕೆಲಸಗಳಾದವು. ಆದರೆ 2011ರ ಮಾರ್ಚಿಯಲ್ಲಿ ಹಿಂದಿನ ವರ್ಷದ ಮಾರಾಟದ ಅಂಕಿಗಳು ಹೊರಬಂದಾಗ ಪೆಪ್ಸಿ ಅಮೆರಿಕದ ತಂಪು ಪಾನೀಯಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನದಿಂದ ಮೂರನೆಯ ಸ್ಥಾನಕ್ಕೆ ಇಳಿದಿತ್ತು. ಎರಡನೆಯ ಸ್ಥಾನಕ್ಕೆ ಏರಿದ್ದು ಎದುರಾಳಿ ಕಂಪನಿಯ ಡಯಟ್ ಕೋಕ್. ಆ ವರ್ಷಗಳಲ್ಲಿ ಅಲ್ಲಿ ತಂಪು ಪಾನೀಯಗಳ ಒಟ್ಟು ಬೇಡಿಕೆಯೇ ಕುಗ್ಗುತ್ತಿತ್ತು. ಹೀಗಾಗಿ ಇಳಿಕೆಯ ಹೊಣೆಯನ್ನೆಲ್ಲ ಈ ಯೋಜನೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಅಷ್ಟೊಂದು ಮತಗಳು ಆ ಇಳಿಕೆಯನ್ನು ತಡೆಯಲಿಲ್ಲ ಎಂಬುದು ಸ್ಪಷ್ಟ.

ಕಾರಣ ಸರಳವಾಗಿದೆ. ಮತ ಹಾಕುವವರಿಗೆ ತಮ್ಮ ಊರಿನ ಶಾಲೆ ಮುಖ್ಯವಾಗಿತ್ತು. ಮತ ಹಾಕಲು ಪೆಪ್ಸಿಯನ್ನು ಕುಡಿಯಬೇಕಾಗಿರಲಿಲ್ಲ; ಕುಡಿಯುವವರಿಗೆ ಅದರ ರುಚಿಯ ಬಗ್ಗೆ ಯೋಜನೆ ಏನನ್ನೂ ಹೇಳಲಿಲ್ಲ. ಆ ಯೋಜನೆಯಲ್ಲಿ ಪಾನೀಯದ ಹೆಸರನ್ನು ತೆಗೆದು ಸಾಬೂನಿನ ಹೆಸರನ್ನಿಟ್ಟರೂ ಅದು ಹಾಗೆಯೇ ನಡೆಯುತ್ತಿತ್ತು. ದಾನ ದಾನವಾಗಿ ಶ್ಲಾಘನೀಯ. ಅದನ್ನು ಮಾರಾಟದ ಸಾಧನವೆಂದು ಲೆಕ್ಕಕ್ಕೆ ಬರೆದುಕೊಂಡಾಗ ಮಾತ್ರ ಲೆಕ್ಕ ತಪ್ಪುತ್ತದೆ.

ಈ ಎರಡು ಪ್ರಕರಣಗಳನ್ನು ಒಟ್ಟಿಗೆ ನೋಡಿದಾಗ ಪ್ರತಿ ಉದ್ದಿಮೆದಾರರೂ ತಮ್ಮ ಪ್ರಚಾರಕ್ಕೆ ಹಾಕಿಕೊಳ್ಳಬಹುದಾದ ಒಂದು ಒರೆಗಲ್ಲು ದೊರೆಯುತ್ತದೆ: ಈ ಪ್ರಚಾರದಿಂದ ಸರಕನ್ನು ತೆಗೆದರೆ ಏನಾದರೂ ಉಳಿಯುತ್ತದೆಯೆ? ಹಾಗೆಯೇ ಉಳಿಯುವುದಾದರೆ ಅದು ಯಾರ ಸರಕಿಗೂ ಸಲ್ಲಬಹುದಾದ ಪ್ರಚಾರ. ಏನೂ ಉಳಿಯದಿದ್ದರೆ ಅದು ಆ ಸರಕಿನದೇ ಪ್ರಚಾರ.

ಅಮುಲ್: ಪ್ರಸಂಗ ಹೊಸದು, ಚೌಕಟ್ಟು ಹಳೆಯದು

ಭಾರತದಲ್ಲಿ ಈ ಮಾತಿಗೆ ಎಲ್ಲರೂ ಬಲ್ಲ ಉದಾಹರಣೆ ಅಮುಲ್ ಬೆಣ್ಣೆಯದು. 1966ರಲ್ಲಿ ಸಿಲ್ವೆಸ್ಟರ್ ಡ ಕುನ್ಹಾ ಅವರ ನೇತೃತ್ವದಲ್ಲಿ ಹುಟ್ಟಿದ, ಚುಕ್ಕೆಗಳ ಅಂಗಿ ತೊಟ್ಟ ಪುಟ್ಟ ಹುಡುಗಿ ಮುಂಬಯಿಯ ಜಾಹೀರಾತು ಫಲಕಗಳಲ್ಲಿ ಕಾಣಿಸಿಕೊಂಡಳು. ಕ್ರಿಕೆಟ್, ಚಲನಚಿತ್ರ, ಚುನಾವಣೆ ಹೀಗೆ ಜನರ ಬಾಯಲ್ಲಿರುವ ಸಂಗತಿಯೇ ಫಲಕದ ವಿಷಯ. ಜಾಲತಾಣಗಳು ಬಂದಾಗ ಅಮುಲ್ ಹೊಸ ವೇಷ ತೊಡಲಿಲ್ಲ. ಅದೇ ಚಿತ್ರ ಗೋಡೆಯಿಂದ ಮೊಬೈಲ್ ಫೋನಿನ ಪರದೆಗೆ ಬಂದಿತು, ಅಷ್ಟೆ.

ಇಲ್ಲಿ ಎರಡು ಪಾಠಗಳಿವೆ. ಪ್ರಸಂಗ ಯಾವುದೇ ಇರಲಿ, ಹುಡುಗಿ ಅದೇ, ಬೆಣ್ಣೆಯೂ ಅಲ್ಲಿಯೇ; ನೋಡುಗರು ಸುದ್ದಿಯನ್ನು ನೋಡಿ ನಕ್ಕರೂ ಸರಕಿನ ಹೆಸರನ್ನು ಮರೆಯುವುದಿಲ್ಲ. ಇನ್ನೊಂದು, ಅದು ದಶಕಗಳ ಎಡೆಬಿಡದ ದುಡಿಮೆ. ವಾರಕ್ಕೊಂದು ರೂಪ ಬದಲಿಸುವ ಅಂಗಡಿಯನ್ನು ಗ್ರಾಹಕರು ಗುರುತಿಸುವುದು ಕಷ್ಟ. ಸಣ್ಣ ವರ್ತಕರಿಗೂ ಒಂದೇ ಬಣ್ಣ, ಒಂದೇ ಬಗೆಯ ಅಕ್ಷರ, ಒಂದೇ ಧ್ವನಿ ಇವನ್ನು ಬಿಡದೆ ಉಳಿಸಿಕೊಳ್ಳುವುದು ಹಣವಿಲ್ಲದೆ ಆಗುವ ಕೆಲಸ.

ಸಣ್ಣ ಉದ್ದಿಮೆಗೆ ಅನ್ವಯಿಸುವ ಬಗೆ

1. ಪರೀಕ್ಷೆಯನ್ನು ಹುಡುಕುವುದು. ಪ್ರತಿ ಕಸುಬಿನಲ್ಲಿಯೂ ಸರಕಿನ ಗುಣವನ್ನು ಅಳೆಯುವ ಒಂದು ವಿಧಾನ ಇದ್ದೇ ಇರುತ್ತದೆ. ಬಟ್ಟೆ ವ್ಯಾಪಾರಿ ಒದ್ದೆ ಬಿಳಿ ಬಟ್ಟೆಯಿಂದ ಸೀರೆಯ ಬಣ್ಣವನ್ನು ಉಜ್ಜಿ ನೋಡುತ್ತಾನೆ. ಊದುಬತ್ತಿ ತಯಾರಕನಿಗೆ ಒಂದು ಕಡ್ಡಿ ಎಷ್ಟು ನಿಮಿಷ ಉರಿಯುತ್ತದೆ ಎಂಬುದು ಗೊತ್ತು. ಬೀಗ ಮಾಡುವವನು, ಏಣಿ ಮಾಡುವವನು, ಕುರ್ಚಿ ಮಾಡುವವನು ತಂತಮ್ಮ ರೀತಿಯಲ್ಲಿ ಭಾರ ಹಾಕಿ, ಎಳೆದು, ಬೀಳಿಸಿ ನೋಡುತ್ತಾರೆ. ಕಾರ್ಖಾನೆಯವರಿಗೆ ಹಳಸಿದಂತೆ ತೋರುವ ಈ ನೋಟ ಗ್ರಾಹಕರಿಗೆ ಹೊಸದು. ಹೊರಗಿನವರೊಬ್ಬರನ್ನು ಕರೆದು ಕಾರ್ಖಾನೆಯನ್ನು ಸುತ್ತಿಸಿ, ಅವರು ಎಲ್ಲಿ ನಿಂತು ನೋಡುತ್ತಾರೆ ಎಂಬುದನ್ನು ಗಮನಿಸಿದರೆ ಪ್ರಚಾರದ ವಸ್ತು ಅಲ್ಲಿಯೇ ಸಿಗುತ್ತದೆ.

2. ನೋಡುಗರ ಸಂಖ್ಯೆಗಿಂತ ನೋಡುಗರು ಯಾರೆಂಬುದು ಮುಖ್ಯ. ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಘಟಕಕ್ಕೆ ಲಕ್ಷ ಜನರ ಮೆಚ್ಚುಗೆಯಿಂದ ಲಾಭವಿಲ್ಲ. ಲೇತ್ ಯಂತ್ರದಿಂದ ಇಳಿದ ಭಾಗವನ್ನು ಅಳತೆ ಮಾಡಿ ತೋರಿಸುವ ಒಂದು ನಿಮಿಷದ ಚಿತ್ರಿಕೆ ಹತ್ತು ಮಂದಿ ಖರೀದಿ ಅಧಿಕಾರಿಗಳಿಗೆ ವಾಟ್ಸ್‌ಆ್ಯಪ್ ಮೂಲಕ ತಲುಪಿದರೆ ಸಾಕು. ಒಂದು ಊರಿನ ಬೇಕರಿಗೆ ಆ ಊರಿನವರೇ ನೋಡುಗರು. ದೂರದ ರಾಜ್ಯದ ವೀಕ್ಷಣೆ ಬ್ರೆಡ್ಡನ್ನು ಮಾರುವುದಿಲ್ಲ.

3. ಮೊದಲು ದಾಸ್ತಾನು, ಆಮೇಲೆ ಪ್ರಚಾರ. ಪ್ರಚಾರ ಫಲಿಸಿದ ದಿನ ಕರೆ ಸ್ವೀಕರಿಸಲು ಜನ, ಕಳಿಸಲು ಸರಕು, ಹಣ ಪಡೆಯಲು ವ್ಯವಸ್ಥೆ ಇಲ್ಲದಿದ್ದರೆ ಬಂದ ಗ್ರಾಹಕರು ಎದುರಾಳಿಯ ಅಂಗಡಿಗೆ ಹೋಗುತ್ತಾರೆ.

4. ದೂರುಗಳಿಗೆ ಬಹಿರಂಗವಾಗಿ ಉತ್ತರಿಸುವುದು. ಜಾಲತಾಣದಲ್ಲಿ ಗ್ರಾಹಕರು ಮಾಡಿದ ದೂರನ್ನು ಅಳಿಸಿದರೆ ಅದು ಬೇರೆಡೆ ಇನ್ನಷ್ಟು ಖಾರವಾಗಿ ಕಾಣಿಸಿಕೊಳ್ಳುತ್ತದೆ. ಸರಕನ್ನು ಬದಲಿಸಿಕೊಟ್ಟ ವಿಷಯ ಅದೇ ಜಾಗದಲ್ಲಿ ನಾಲ್ಕು ಜನರಿಗೆ ಕಂಡರೆ ಅದೂ ಪ್ರಚಾರವೇ.

5. ಸ್ವಂತ ಖಾತೆ ಪುಸ್ತಕ. ಜಾಲತಾಣ ಎಂಬುದು ಬಾಡಿಗೆ ಮಳಿಗೆ. ಮಾಲೀಕರು ಯಾವಾಗ ಬೇಕಾದರೂ ಬಾಗಿಲು ಹಾಕಬಹುದು. ಆರ್ಕುಟ್ 2014ರಲ್ಲಿ ಮುಚ್ಚಿತು. ಭಾರತ ಸರ್ಕಾರ 2020ರ ಜೂನ್ 29ರಂದು ಟಿಕ್‌ಟಾಕ್ ಅನ್ನು ನಿಷೇಧಿಸಿದಾಗ ಅಲ್ಲಿ ಲಕ್ಷಾಂತರ ಅನುಯಾಯಿಗಳನ್ನು ಗಳಿಸಿದ್ದವರೂ ಅವರನ್ನು ಕಳೆದುಕೊಂಡರು. ಆದ್ದರಿಂದ ಗ್ರಾಹಕರ ಒಪ್ಪಿಗೆ ಪಡೆದು ಅವರ ಹೆಸರು, ದೂರವಾಣಿ ಸಂಖ್ಯೆಗಳನ್ನು ತಮ್ಮದೇ ಪುಸ್ತಕದಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ಲೆಕ್ಕ ಹಾಕುವ ಕ್ರಮ

ಪ್ರಚಾರದ ಲಾಭನಷ್ಟವನ್ನು ವೀಕ್ಷಣೆಯಿಂದ ಅಳೆಯದೆ ರೂಪಾಯಿಯಿಂದ ಅಳೆಯಬೇಕು. ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಬ್ಬ ತಯಾರಕರು ಒಂದು ಚಿತ್ರಿಕೆಗೂ ಅದರ ಪ್ರಸಾರಕ್ಕೂ ಸೇರಿ 4,000 ರೂ. ವೆಚ್ಚ ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. 20,000 ವೀಕ್ಷಣೆಗಳಾಗುತ್ತವೆ, 60 ಮಂದಿ ವಿಚಾರಿಸುತ್ತಾರೆ, 12 ಮಂದಿ ಕೊಳ್ಳುತ್ತಾರೆ. ಒಂದು ಸರಕಿಗೆ ಉಳಿಯುವ ಲಾಭ 250 ರೂ. ಆದರೆ ಒಟ್ಟು ಲಾಭ 3,000 ರೂ. ಅಂದರೆ 1,000 ರೂ. ನಷ್ಟ. ಆ 12 ಮಂದಿಯಲ್ಲಿ ನಾಲ್ವರು ಮತ್ತೊಮ್ಮೆ ಕೊಂಡಾಗ ಮಾತ್ರ ಅಸಲು ಕೈಸೇರುತ್ತದೆ; ಅದರ ಮೇಲೆ ಬಂದುದು ಲಾಭ.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಬೀಳುತ್ತವೆ. 20,000 ಎಂಬ ಅಂಕಿ ಲೆಕ್ಕದಲ್ಲಿ ಎಲ್ಲಿಯೂ ಬಳಕೆಗೆ ಬರಲಿಲ್ಲ. ಪ್ರಚಾರದ ವೆಚ್ಚವನ್ನು ತೀರಿಸುವವರು ಮರಳಿ ಬರುವ ಗ್ರಾಹಕರು. ಅವರನ್ನು ಮರಳಿ ಕರೆತರುವುದು ಪ್ರಚಾರವಲ್ಲ, ಸರಕು. ಅಂಗಡಿಗೆ ಬಂದ ಪ್ರತಿಯೊಬ್ಬರನ್ನೂ 'ಎಲ್ಲಿ ನೋಡಿ ಬಂದಿರಿ?' ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡುವುದರಿಂದ ಈ ಲೆಕ್ಕ ಯಾವ ತಂತ್ರಜ್ಞರ ನೆರವೂ ಇಲ್ಲದೆ ಸಿಗುತ್ತದೆ.

ಕಾನೂನಿನ ಎಚ್ಚರ

ಸಾಮಾಜಿಕ ಜಾಲತಾಣದಲ್ಲಿ ಹಾಕಿದ್ದು ಜಾಹೀರಾತಲ್ಲ ಎಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಜಾಹೀರಾತಿನ ವ್ಯಾಖ್ಯೆಯಲ್ಲಿ ಅಂತರ್ಜಾಲವನ್ನೂ ಸೇರಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂ.ಗಳವರೆಗೆ, ಮತ್ತೆ ಅದೇ ತಪ್ಪಾದರೆ 50 ಲಕ್ಷ ರೂ.ಗಳವರೆಗೆ ದಂಡ ವಿಧಿಸಲು ಈ ಕಾಯ್ದೆ ಅವಕಾಶ ನೀಡಿದೆ. 2022ರ ಜೂನ್ 9ರಂದು ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ಎಲ್ಲ ಮಾಧ್ಯಮಗಳಿಗೂ ಅನ್ವಯಿಸುತ್ತವೆ. ಹಣವನ್ನೋ ಉಚಿತ ಸರಕನ್ನೋ ಪಡೆದು ಜಾಲತಾಣದಲ್ಲಿ ಹೊಗಳುವವರು ಆ ಸಂಬಂಧವನ್ನು ಸ್ಪಷ್ಟವಾಗಿ ತಿಳಿಸಬೇಕೆಂದು 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಸೂಚಿಸಿದೆ. ಆಹಾರ ಪದಾರ್ಥಗಳ ಗುಣಗಳ ಬಗ್ಗೆ ಹೇಳಿಕೊಳ್ಳುವ ಮಾತುಗಳಿಗೆ 2018ರ ಪ್ರತ್ಯೇಕ ನಿಯಮಗಳಿವೆ.

ಆದ್ದರಿಂದ ಪರೀಕ್ಷೆಯನ್ನು ತೋರಿಸುವಾಗ ಪೇಟೆಯಲ್ಲಿ ಮಾರುವ ಸರಕನ್ನೇ ತೋರಿಸಬೇಕು; ಪ್ರಚಾರಕ್ಕೆಂದು ವಿಶೇಷವಾಗಿ ಮಾಡಿದ ಗಟ್ಟಿ ಸರಕನ್ನಲ್ಲ. ಅಪಾಯಕಾರಿ ಪ್ರಯೋಗವಾದರೆ ಅನುಕರಿಸಬಾರದೆಂಬ ಎಚ್ಚರಿಕೆ ಇರಬೇಕು. ಪರೀಕ್ಷೆಯ ದಿನಾಂಕ, ವಿಧಾನ, ಫಲಿತಾಂಶಗಳ ದಾಖಲೆಯನ್ನು ಕಡತದಲ್ಲಿ ಇಟ್ಟುಕೊಂಡರೆ ನಾಳೆ ಪ್ರಶ್ನೆ ಎದುರಾದಾಗ ಉತ್ತರ ಕೈಯಲ್ಲಿರುತ್ತದೆ.

ಒಟ್ಟಿನಲ್ಲಿ

ಜಾಲತಾಣದ ಸೃಜನಶೀಲತೆ ಎಂಬುದು ಸರಕಿನ ಹೊರಗಿನಿಂದ ತಂದು ಅಂಟಿಸುವ ಅಲಂಕಾರವಲ್ಲ. ಅದು ಸರಕಿನೊಳಗೇ ಇರುವ ಗುಣವನ್ನು ನೋಡುಗರ ಕಣ್ಣಿಗೆ ಕಾಣುವಂತೆ ಇಡುವ ಕೌಶಲ. ಈ ವಿಷಯದಲ್ಲಿ ದೊಡ್ಡ ಕಂಪನಿಗಳಿಗಿಂತ ಸಣ್ಣ ತಯಾರಕರಿಗೇ ಅನುಕೂಲ ಹೆಚ್ಚು. ಅವರ ಸರಕು ಅವರ ಕೈಯಲ್ಲೇ ತಯಾರಾಗುತ್ತದೆ; ಅದರ ಬಲವೂ ಮಿತಿಯೂ ಅವರಿಗೆ ಗೊತ್ತು. ಆ ಅರಿವನ್ನು ಗ್ರಾಹಕರ ಮುಂದೆ ಪ್ರಾಮಾಣಿಕವಾಗಿ ತೆರೆದಿಡಲು ದೊಡ್ಡ ಹಣ ಬೇಕಿಲ್ಲ. ತೆರೆದಿಡಲು ಹಿಂಜರಿಕೆ ಆಗುವಂತಹ ಸರಕಾದರೆ, ಪ್ರಚಾರಕ್ಕೆ ಎತ್ತಿಟ್ಟ ಹಣವನ್ನು ಮೊದಲು ಆ ಸರಕಿನ ಸುಧಾರಣೆಗೆ ಬಳಸುವುದೇ ಲಾಭದಾಯಕ.